ಹೊರಗಿನವರಿಗೆ ಒಂದೇ ಜಾಗ

ಜೂನ್ 3, ಮಂಗಳವಾರ

ಮಾಜಿಯಂತೆ! ಮಾಲ್‌ನ ಅಷ್ಟೂ ಲಿಫ್ಟುಗಳಲ್ಲಿ ನನ್ನ ಫೋಟೊ ಅಂಟಿಸಿ, ಕೆಳಗೆ ‘ಮಾಜಿ ವೃತ್ತಿಪರ ಐಸ್ ಹಾಕಿ ಆಟಗಾರ್ತಿ, ಈಗ ನಮ್ಮ ಕೋಚ್’ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದಾನೆ ಲಿಮ್. ಕ್ಲಬ್ಬಿನ ಮ್ಯಾನೇಜರ್ ಆದವನಿಗೆ ಇಷ್ಟೂ ಗೊತ್ತಾಗಬಾರದೇ? ವಾರದಲ್ಲಿ ಮೂರು ಬೆಳಿಗ್ಗೆ ಆ ಹುಡುಗಿಯರ ಜೊತೆ ಐಸ್ ಮೇಲೆ ಇಳಿಯುತ್ತಿರುವುದು ಯಾರು, ನನ್ನ ದೆವ್ವವೇ?

ಫೋನ್ ಮಾಡಿ ಜಗಳ ತೆಗೆದೆ. “ಫಾರ್ಮರ್ ಸೌಂಡ್ಸ್ ಮೋರ್ ಗ್ರ್ಯಾಂಡ್ ಲಾ, ಕೋಚ್ ಮಹಾ,” ಅಂದ. ಇಲ್ಲಿಯವರಿಗೆ ಮಾತಿನ ಕೊನೆಗೊಂದು ‘ಲಾ’ ಬೇಕೇ ಬೇಕು. ಮಹಾಲಕ್ಷ್ಮಿ ಅನ್ನುವ ಹೆಸರನ್ನು ಈ ಊರಿನವರು ಮೊದಲ ದಿನವೇ ಕತ್ತರಿಸಿ ಮಹಾ ಮಾಡಿದ್ದಾರೆ. ಹೋಗಲಿ. ಆದರೆ ಮಾಜಿ ಅನ್ನಿಸಿಕೊಳ್ಳಲು ನಾನೇನು ಮಂತ್ರಿಯೇ? ಬೆಳಗಾವಿಯ ರಿಂಕಿನಲ್ಲಿ ಕಾಲಿಗೆ ಗಾಲಿ ಕಟ್ಟಿಕೊಂಡು ಶುರುಮಾಡಿದವಳು ನಾನು. ಲೇಹ್‌ನ ಹೆಪ್ಪುಗಟ್ಟಿದ ಕೆರೆಯ ಮೇಲೆ ಬಿದ್ದು ಎದ್ದು ಐಸ್ ಹಾಕಿ ಕಲಿತೆ. ಸ್ಲೊವಾಕಿಯಾದಲ್ಲಿ ಆರು ವರ್ಷ ಸಂಬಳಕ್ಕೆ ಆಡಿದೆ, ಆಮೇಲೆ ಬ್ಯಾಂಕಾಕ್, ಆಮೇಲೆ ಇಲ್ಲಿ. ‘ಆಡುತ್ತ ಕಲಿಸುವುದು’ ಅಂತಲೇ ಮಾತಾಗಿ ಕೌಲಾಲಂಪುರಕ್ಕೆ ಬಂದದ್ದು. ಆಡುವುದು ಮೊದಲು, ಕಲಿಸುವುದು ಆಮೇಲೆ. ನಲವತ್ತೊಂದು ವಯಸ್ಸಾದರೆ ಏನಾಯಿತು?

ಅಭ್ಯಾಸವೂ ಹಾಳು. ನಮ್ಮ ರಿಂಕ್ ಇರುವುದು ಮಾಲ್ ಒಳಗೆ; ಬೆಳಿಗ್ಗೆ ಅದು ತೆರೆಯುವ ಮೊದಲು ಸಾಮಾನು ಇಳಿಸುವ ಬಾಗಿಲಿನಿಂದ ಒಳಗೆ ನುಸುಳಬೇಕು. ಹೊರಗಿನ ಸೆಕೆ ನಮ್ಮ ಹಿಂದೆಯೇ ಒಳಗೆ ಬಂದು ಐಸ್ ಮೇಲೆ ಮಂಜು ಕವಿಯುತ್ತದೆ. ಆ ಮಂಜಿನಲ್ಲಿ ಚೆಂಡಿನ ಬದಲಿಗಿರುವ ಕಪ್ಪು ರಬ್ಬರ್ ಬಿಲ್ಲೆ ಎಲ್ಲಿದೆ ಅಂತ ಯಾರಿಗೂ ಕಾಣುವುದಿಲ್ಲ. ಕಿಲಾತ್, ಅಂದರೆ ಮಿಂಚು, ಅನ್ನುವ ಹೆಸರಿನ ನನ್ನ ತಂಡದ ಹುಡುಗಿಯರಿಗೆ ಮಂಜಿಲ್ಲದಾಗಲೂ ಕಾಣುವುದಿಲ್ಲ, ಅದು ಬೇರೆ ಮಾತು.

ಇಡೀ ತಂಡದಲ್ಲಿ ಕನ್ನಡ ಗೊತ್ತಿರುವುದು ಒಬ್ಬಳಿಗೆ, ಇಂಚರಾಗೆ. ಪುತ್ತೂರಿನ ಐತಪ್ಪ, ಮೈಸೂರಿನ ಚಂಪಾ ದಂಪತಿಯ ಮಗಳು. ಹದಿನೆಂಟು ತುಂಬಿದೆ. ಗೊತ್ತು ಅಂದರೆ ಅರ್ಥವಾಗುತ್ತದೆ, ಅಷ್ಟೇ. ಬಾಯಿ ಬಿಟ್ಟರೆ ಇಂಗ್ಲಿಷ್, ಇಲ್ಲವೇ ಮಲಯ್. ನನಗೋ ಸಿಟ್ಟು ಬಂದಾಗ ಕನ್ನಡ ಬಿಟ್ಟು ಬೇರೆ ಯಾವುದೂ ಬಾಯಿಗೆ ಬರುವುದಿಲ್ಲ. ಹಾಗಾಗಿ ತಪ್ಪು ಯಾರದೇ ಇರಲಿ, ಬೈಗುಳ ಇಂಚರಾಗೆ. ಇವತ್ತು ಕ್ಯಾಪ್ಟನ್ ಐನುಲ್ ಎದುರಿಗೇ ಬಂದ ಬಿಲ್ಲೆಯನ್ನು ನೋಡುತ್ತ ನಿಂತುಬಿಟ್ಟಳು. ನಾನು ಇಂಚರಾಳ ಕಡೆ ತಿರುಗಿ, “ಏನವಾ, ಎಮ್ಮಿ ನೀರಾಗ ನಿಂತಂಗ ನಿಂತೀಯಲ್ಲ! ಕಾಲಿಗೇನ್ ಸಂಕಲಿ ಹಾಕ್ಯಾರೇನ?” ಅಂತ ಕಿರುಚಿದೆ. ಇಂಚರಾ ತಲೆಯಾಡಿಸಿ, ಜಾರಿಕೊಂಡು ಐನುಲ್ ಹತ್ತಿರ ಹೋಗಿ ಅದೇನೋ ಹೇಳಿದಳು. ಐನುಲ್ ನನ್ನತ್ತ ನೋಡಿ, “ಸಾರಿ, ಕೋಚ್!” ಅಂದಳು.

ಈ ವ್ಯವಸ್ಥೆ ಎರಡು ವರ್ಷದಿಂದ ಚೆನ್ನಾಗಿಯೇ ನಡೆದಿದೆ.

ಜೂನ್ 12, ಗುರುವಾರ

ಬ್ರಿಕ್‌ಫೀಲ್ಡ್ಸ್ ಬಡಾವಣೆಯ ನನ್ನ ಫ್ಲಾಟಿನ ಮ್ಯಾನೇಜ್‌ಮೆಂಟಿನವರು ಮತ್ತೆ ಬಂದಿದ್ದರು. ಬಾಲ್ಕನಿಯಲ್ಲಿ ಒಣಗಲು ಹಾಕಿದ ನನ್ನ ಪ್ಯಾಡು, ಗ್ಲೌಸುಗಳ ವಾಸನೆ ಎರಡು ಮಹಡಿ ಮೇಲಿನವರೆಗೂ ಹೋಗುತ್ತದಂತೆ. ಕೆಳಗಿನ ಬೀದಿಯಲ್ಲಿ ಒಣಮೀನು, ಊದುಬತ್ತಿ, ಮಲ್ಲಿಗೆ, ಕರಿದ ಎಣ್ಣೆ ಎಲ್ಲ ಒಟ್ಟಿಗೆ ನಾರುತ್ತವೆ; ಅದು ಯಾರಿಗೂ ತೊಂದರೆಯಿಲ್ಲ. ನನ್ನ ಬೆವರು ಮಾತ್ರ ಇವರಿಗೆ ವಾಸನೆ.

ಒಳ್ಳೆಯ ಸುದ್ದಿಯೂ ಇದೆ. ಆಗಸ್ಟ್ ನಡುವಿನಲ್ಲಿ ಮಹಿಳೆಯರ ಟೂರ್ನಿ, ನಮ್ಮ ರಿಂಕಿನಲ್ಲೇ. ಸಿಂಗಪುರ, ಬ್ಯಾಂಕಾಕ್, ನಾವು. ಎಲ್ಲರೂ ಎಲ್ಲರೊಂದಿಗೆ ಆಡಿ, ಮೊದಲ ಇಬ್ಬರು ಫೈನಲ್‌ಗೆ. ಇದೊಂದು ಆಡಿಬಿಟ್ಟರೆ ನನಗೆ ಸಾಕು. ಇಷ್ಟು ದೇಶ ಸುತ್ತಿದ್ದೇನೆ, ಎಲ್ಲ ಕಡೆಯೂ ಬೇರೆಯವರ ತಂಡ, ಬೇರೆಯವರ ಊರು. ನಾನೇ ಕಟ್ಟಿದ ತಂಡದಲ್ಲಿ ನಿಂತು ಒಂದು ಟೂರ್ನಿ ಆಡಿಲ್ಲ. ಆಡಿ, ಗೆದ್ದು, ಆಮೇಲೆ ಬೇಕಾದರೆ ಲಿಮ್ ತನ್ನ ‘ಮಾಜಿ’ಯನ್ನು ಎಷ್ಟು ದೊಡ್ಡದಾಗಿ ಬೇಕಾದರೂ ಬರೆಸಲಿ.

ನನ್ನ ಎಡಗಡೆ ಇಂಚರಾ, ಬಲಗಡೆ ಐನುಲ್. ಇಂಚರಾ ನಿಜಕ್ಕೂ ವೇಗವಾಗಿದ್ದಾಳೆ. ಅವಳಿಗೆ ಹೇಳಿಲ್ಲ. ಹೇಳಿದರೆ ಈಗಿನ ಮಕ್ಕಳು ಹಾಳಾಗುತ್ತವೆ.

ಜೂನ್ 21, ಶನಿವಾರ

ಯಾರ ತಲೆಯನ್ನು ಯಾವ ಗೋಡೆಗೆ ಚಚ್ಚಲಿ?

ಈ ವರ್ಷದಿಂದ ಹೊಸ ನಿಯಮವಂತೆ. ಒಂದು ತಂಡಕ್ಕೆ ಹೊರದೇಶದವರು ಒಬ್ಬರೇ. ನಿನ್ನೆ ಲಿಮ್ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರಿಗೂ ಗುರುತಿನ ಚೀಟಿಯ ಫೋಟೊ ಕಳಿಸಿ ಅಂದಿದ್ದ. ಹೊರದೇಶದವಳು ನಾನೊಬ್ಬಳೇ ತಾನೇ ಅಂತ ನಿಶ್ಚಿಂತೆಯಿಂದ ಇದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಎಲ್ಲರ ಮಲೇಷ್ಯಾ ಚೀಟಿಗಳ ನಡುವೆ ಇಂಚರಾ ಕಳಿಸಿದ್ದು ಏನು? ಇಂಡಿಯಾದ ಪಾಸ್‌ಪೋರ್ಟ್! ನನ್ನದೇ ನೀಲಿ ಬಣ್ಣ, ನನ್ನದೇ ಸಿಂಹ.

ಇದು ಯಾರಿಗೂ ಹೊಳೆದಿರಲಿಲ್ಲ. ಲಿಮ್‌ಗೂ ಇಲ್ಲ, ನನಗೂ ಇಲ್ಲ. ಹೇಗೆ ಹೊಳೆಯಬೇಕು? ಒಂದು ವರ್ಷದ ಕೂಸಾಗಿದ್ದಾಗ ಬಂದವಳು. ಪಂದ್ಯಕ್ಕೆ ಮುಂಚೆ ಮಲೇಷ್ಯಾದ ರಾಷ್ಟ್ರಗೀತೆ ಬಂದಾಗ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವವಳು ಅವಳು. ಡೂರಿಯನ್ ಹಣ್ಣು ಕಂಡರೆ ಬಾಯಿ ಬಿಡುತ್ತಾಳೆ, ಮಾವಿನಹಣ್ಣು ಕೊಟ್ಟರೆ ಮೂಗು ಮುರಿಯುತ್ತಾಳೆ. ನಾನು ಅವಳನ್ನು ಇಲ್ಲಿಯ ಪ್ರಜೆ ಅಂದುಕೊಂಡಿದ್ದೆ, ಅವಳು ನನ್ನ ಹಾಗೇ ಪ್ರತಿಸಲ ವೀಸಾ ಮುದ್ರೆ ಹಾಕಿಸಿಕೊಳ್ಳುವವಳು.

ಐತಪ್ಪನವರಿಗೆ ಫೋನ್ ಮಾಡಿ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ನೀವು ಕೇಳ್ಲೇ ಇಲ್ಲ ಅಲ್ವಾ ಮೇಡಂ? ನಾವು ಪುತ್ತೂರಿನವರು ಅಂತ ನಿಮಗೆ ಗೊತ್ತುಂಟಲ್ಲ. ಪುತ್ತೂರು ಎಂತ ಮಲೇಷ್ಯಾದಲ್ಲಿ ಉಂಟಾ?” ಅಂದರು. ಅದೂ ಸರಿಯೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಒಂದು ಜಾಗ. ನಾವು ಇಬ್ಬರು.

ಜೂನ್ 22, ಭಾನುವಾರ

ನಾನೇ ಆಡುತ್ತೇನೆ. ಲಿಮ್‌ಗೆ ಹೇಳಿಯಾಯಿತು. ಇದರಲ್ಲಿ ಯೋಚಿಸುವುದು ಏನೂ ಇಲ್ಲ.

ಜುಲೈ 5, ಶನಿವಾರ

ಎರಡು ವಾರವಾಯಿತು. ಒಬ್ಬರಾದರೂ ಬಾಯಿ ಬಿಡಬೇಕಲ್ಲ!

ನಾನು ತಯಾರಾಗಿಯೇ ಇದ್ದೆ. ‘ಇಂಚರಾಗೆ ಬಿಟ್ಟುಕೊಡಿ’ ಅಂತ ಯಾರಾದರೂ ಬರುತ್ತಾರೆ, ಬಂದರೆ ಏನು ಹೇಳಬೇಕು ಅಂತ ಸ್ನಾನ ಮಾಡುವಾಗಲೂ ಮಾತು ಕಟ್ಟಿದ್ದೆ. ಅವಳಿಗೆ ಹದಿನೆಂಟು, ಮುಂದೆ ಬೇಕಾದಷ್ಟು ಆಟವಿದೆ. ನನಗೆ ಇದೇ ಕೊನೆಯದು. ತಂಡಕ್ಕೆ ಅನುಭವ ಬೇಕು. ಗೋಲು ಹೊಡೆಯುವವರು ಬೇಕು. ಎಲ್ಲವೂ ನ್ಯಾಯದ ಮಾತುಗಳೇ. ಕೇಳುವವರೇ ಇಲ್ಲ. ಲಿಮ್ ಅಂದದ್ದು, “ಅಪ್ ಟು ಯು ಲಾ, ಕೋಚ್.” ಐನುಲ್ ಅಂದದ್ದು, “ಕೋಚ್ ನೋಸ್ ಬೆಸ್ಟ್.” ಇಂಚರಾ ಅಂದದ್ದು, “ಇಟ್ಸ್ ಓಕೆ, ಕೋಚ್. ಐ ವಿಲ್ ಡು ದಿ ಬೆಂಚ್.” ಅಂದವಳೇ ಬಾಟಲಿಗಳಿಗೆ ನೀರು ತುಂಬಲು ಹೋದಳು!

ಓಕೆ ಹೇಗಾಗುತ್ತದೆ? ನನ್ನನ್ನು ಆ ವಯಸ್ಸಿನಲ್ಲಿ ಯಾರಾದರೂ ಕೂರಿಸಿದ್ದರೆ ರಿಂಕಿನ ಬಾಗಿಲು ಕಿತ್ತು ಹಾಕುತ್ತಿದ್ದೆ. ಹೋರಾಡದವರಿಗೆ ಆಟ ಯಾಕೆ ಬೇಕು? ಅಭ್ಯಾಸ ಮುಗಿಸಿ ಮಾಮಕ್ ಅನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಎಲ್ಲರೂ ರೋಟಿ ಚನಾಯ್ ತಿನ್ನುವಾಗ ಅವಳು ನನ್ನ ತಟ್ಟೆಗೆ ತಾನೇ ಸಾಂಬಾರು ಹಾಕಿಸಿ ತಂದಳು. ತಿನ್ನಲು ಆಗಲಿಲ್ಲ. ಹಸಿವಿರಲಿಲ್ಲ ಅಷ್ಟೇ.

ಅಲ್ಲಿಯೇ ಗೊತ್ತಾದದ್ದು ಇನ್ನೊಂದು. ಸೆಪ್ಟೆಂಬರಿನಲ್ಲಿ ಅವಳು ಮೈಸೂರಿಗೆ ಹೋಗುತ್ತಾಳಂತೆ, ಅಜ್ಜಿಯ ಮನೆಯಲ್ಲಿದ್ದು ಕಾಲೇಜು. ಮೈಸೂರಿನಲ್ಲಿ ಐಸ್ ಎಲ್ಲಿದೆ? ಐಸ್‌ಕ್ಯಾಂಡಿಯಲ್ಲಿ. ‘ಮುಂದೆ ಬೇಕಾದಷ್ಟು ಆಟವಿದೆ’ ಅನ್ನುವ ನನ್ನ ಮೊದಲ ವಾದ ಅಲ್ಲಿಗೆ ಹೋಯಿತು. ಮಿಕ್ಕ ಮೂರು ಇನ್ನೂ ಇವೆ.

ಜುಲೈ 19, ಶನಿವಾರ

ಎರಡು ವರ್ಷ! ಎರಡು ವರ್ಷದಿಂದ ನನಗೆ ಮೋಸವಾಗುತ್ತಿದೆ.

ಐನುಲ್ ಇವತ್ತು ಬೂಟಿನ ದಾರ ಬಿಚ್ಚುತ್ತ, “ಕೋಚ್, ನೀವು ನೋಡಲು ಸಿಡುಕಿ. ಆದರೆ ಮಾತು ಮಾತ್ರ ಬಹಳ ಮೃದು,” ಅಂತ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಯಾವಾಗ ಮೃದುವಾಗಿ ಮಾತಾಡಿದೆ? “ಇವತ್ತೂ ಹೇಳಿದಿರಲ್ಲ, ಹೆದರಬೇಡ, ಉಸಿರು ತಗೋ, ನಿಧಾನ ಅಂತ. ಇಂಚರಾ ಹೇಳಿದಳು.” ಇವತ್ತು ನಾನು ಐನುಲ್ ಬಗ್ಗೆ ಹೇಳಿದ್ದು, “ಆಕಿಗಿ ಕಣ್ಣ ಎಲ್ಲಿಟ್ಟೀಯಂತ ಕೇಳು, ಮನ್ಯಾಗ ಬಿಟ್ಟ್ ಬಂದಾಳೇನ?” ಅಂತ.

ಇಂಚರಾಳನ್ನು ಹಿಡಿದು ಕೇಳಿದೆ. ಸ್ವಲ್ಪವೂ ಅಳುಕಲಿಲ್ಲ. “ಕೋಚ್, ಇಫ್ ಐ ಟೆಲ್ ದೆಮ್ ಲೈಕ್ ಯು, ಎವ್ರಿಬಡಿ ವಿಲ್ ಕ್ವಿಟ್ ಲಾ.”

ನನ್ನ ಬಾಯಿಂದ ಹೊರಟ ಬೈಗುಳವೆಲ್ಲ ಅವಳ ಬಾಯಿಂದ ಹಾರೈಕೆಯಾಗಿ ಹೊರಬರುತ್ತಿತ್ತು. ಈ ಹುಡುಗಿಯರು ಬೆಳಿಗ್ಗೆ ಐದಕ್ಕೆ ಎದ್ದು ಬರುವುದು ನನ್ನ ಶಿಸ್ತಿಗೆ ಅಂದುಕೊಂಡಿದ್ದೆ. ಇನ್ನು ಮೇಲೆ ಇಂಗ್ಲಿಷಿನಲ್ಲೇ ನೇರವಾಗಿ ಬೈಯುತ್ತೇನೆ ಅಂತ ತೀರ್ಮಾನಿಸಿ ಸಂಜೆ ಕೂತು ನಾಲ್ಕು ವಾಕ್ಯ ಯೋಚಿಸಿದೆ. ಒಂದರಲ್ಲೂ ಜೀವವಿಲ್ಲ. ಎಮ್ಮೆಗೆ ಇಂಗ್ಲಿಷಿನಲ್ಲಿ ಬಫಲೋ ಅಂದರೆ ಯಾರಿಗೆ ನಾಟುತ್ತದೆ?

ಆಗಸ್ಟ್ 2, ಶನಿವಾರ

ಚಂಪಾ ಮನೆಗೆ ಕರೆದಿದ್ದರು. ಇವತ್ತಾದರೂ ಕೇಳುತ್ತಾರೆ ಅಂತ ಗಟ್ಟಿಮನಸ್ಸು ಮಾಡಿಕೊಂಡೇ ಹೋದೆ. ಬಿಸಿಬೇಳೆಬಾತ್, ಮೊಸರನ್ನ, ಮದ್ದೂರು ವಡೆ. ತಿಂದಾದ ಮೇಲೆ, “ಮೇಡಂ, ಒಂದು ಮಾತು ಕೇಳ್ಬೇಕಿತ್ತು,” ಅಂದರು ಚಂಪಾ. ಸರಿ, ಬಂತು ಅಂದುಕೊಂಡೆ. “ಇನ್ನೊಂಚೂರು ಟಪಾವ್ ಮಾಡಿ, ಡಬ್ಬಿಗೆ ಹಾಕಿ ಕೊಡ್ಲಾ? ಒಬ್ರೇ ಇರ್ತೀರ, ರಾತ್ರಿಗಾಗುತ್ತೆ.”

ಡಬ್ಬಿ ಕೈಯಲ್ಲಿ ಹಿಡಿದು ಲಿಫ್ಟಿನಲ್ಲಿ ಇಳಿಯುವಾಗ ಅಳುವಷ್ಟು ಸಿಟ್ಟು ಬಂತು. ಇವರೆಲ್ಲ ಯಾಕೆ ಇಷ್ಟು ಒಳ್ಳೆಯವರು? ಒಬ್ಬರಾದರೂ ಕೇಳಿದ್ದರೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬಹುದಿತ್ತು. ಕೇಳದವರಿಗೆ ಇಲ್ಲ ಅನ್ನುವುದು ಹೇಗೆ?

ಇಲ್ಲಿ ಬರೆಯಲು ನನಗೇನು ನಾಚಿಕೆ. ನನಗೆ ಭಯ. ಆರನೇ ವಯಸ್ಸಿನಿಂದ ಕಾಲಿಗೆ ಏನಾದರೂ ಕಟ್ಟಿಕೊಂಡು ಜಾರುತ್ತಲೇ ಇದ್ದೇನೆ. ಮದುವೆ ಬೇಡ ಅಂದದ್ದು ಆಟಕ್ಕೆ, ಊರು ಬಿಟ್ಟದ್ದು ಆಟಕ್ಕೆ. ಆಡದ ಮಹಾಲಕ್ಷ್ಮಿ ಅನ್ನುವವಳನ್ನು ನಾನು ನೋಡಿಯೇ ಇಲ್ಲ. ಅವಳು ಬೆಳಿಗ್ಗೆ ಎದ್ದು ಏನು ಮಾಡುತ್ತಾಳೋ.

ಬಿಸಿಬೇಳೆಬಾತ್ ಚೆನ್ನಾಗಿತ್ತು. ಉಪ್ಪು ಸ್ವಲ್ಪ ಮುಂದು.

ಆಗಸ್ಟ್ 14, ಗುರುವಾರ

ಗೆದ್ದೆವು! ಸಿಂಗಪುರದ ವಿರುದ್ಧ ಮೂರು–ಒಂದು. ಮೂರೂ ನನ್ನವು. ಮಾಲ್‌ನ ಮೂರು ಮಹಡಿಗಳ ಕಟಕಟೆಗೂ ಜನ ಒರಗಿ ನಿಂತು ಕೂಗುತ್ತಿದ್ದರು. ಮೊದಲನೆಯದು ಎಡಗಡೆಯಿಂದ ಸುತ್ತಿ ಬಂದು ಕೀಪರ್ ಭುಜದ ಮೇಲೆ ಹಾಕಿದ್ದು. ಸ್ಲೊವಾಕಿಯಾದಲ್ಲೂ ಅಂಥದ್ದು ಹೊಡೆದ ನೆನಪಿಲ್ಲ. ಲಿಮ್ ತಬ್ಬಿಕೊಳ್ಳಲು ಬಂದ, ಬೆವರಿನ ವಾಸನೆಗೆ ಹಿಂದೆ ಸರಿದ.

ಆದರೂ ಏನೋ ಕಿರಿಕಿರಿ. ಈ ಹುಡುಗಿಯರಿಗೆ ಏನಾಗಿದೆ? ಬಿಲ್ಲೆ ಯಾರಿಗೆ ಸಿಕ್ಕಿದರೂ ನನ್ನನ್ನು ಹುಡುಕಿ ನನಗೇ ಕೊಡುತ್ತಾರೆ. ಐನುಲ್ ಮುಂದೆ ಗೋಲು ಪೂರ್ತಿ ತೆರೆದಿತ್ತು. ಹೊಡೆಯುವುದು ಬಿಟ್ಟು ಹಿಂದಿದ್ದ ನನಗೆ ತಳ್ಳಿದಳು! ತಳ್ಳಿ ನಿಂತು ನೋಡಿದಳು, ಟಿಕೆಟ್ ಕೊಂಡು ಬಂದವಳ ಹಾಗೆ. ಎರಡು ವರ್ಷ ನಾನು ಕಲಿಸಿದ್ದು ಇದೇನಾ?

ಬೆಂಚನ್ನು ಇಂಚರಾ ನೋಡಿಕೊಂಡಳು. ನಿಮಿಷಕ್ಕೊಮ್ಮೆ ಆಟಗಾರ್ತಿಯರು ಬದಲಾಗುವ ಆಟ ಇದು; ಯಾರು ಒಳಗೆ, ಯಾರು ಹೊರಗೆ, ಯಾವಾಗ ಬಾಗಿಲು ತೆಗೆಯಬೇಕು ಎಲ್ಲ ಅವಳದೇ. ನನಗೆ ತಲೆ ಹಾಕುವ ಕೆಲಸವೇ ಬರಲಿಲ್ಲ.

ಆಗಸ್ಟ್ 15, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಕಡಿಮೆಯಾಗಬಹುದು.

ಬ್ಯಾಂಕಾಕಿನವರು ಬುದ್ಧಿವಂತರು. ನನ್ನನ್ನು ಹಿಡಿದರೆ ಸಾಕು ಅಂತ ನಿನ್ನೆ ನೋಡಿಯೇ ತಿಳಿದುಕೊಂಡಿದ್ದರು. ಇಬ್ಬರು ನನ್ನ ಬೆನ್ನಿಗೇ ಅಂಟಿಕೊಂಡರು. ಆದರೂ ಎರಡು ಗೋಲು ಹೊಡೆದೆ. ಎರಡನೆಯ ವಿರಾಮದ ಹೊತ್ತಿಗೆ ಎರಡು–ಎರಡು. ಡ್ರೆಸ್ಸಿಂಗ್ ರೂಮಿಗೆ ಬಂದಾಗ ನನಗೆ ಉಸಿರು ಸಿಗುತ್ತಿರಲಿಲ್ಲ. ಇವರೆಲ್ಲ ಮುಖದ ಮೇಲೆ ಒಂದು ಹನಿ ಬೆವರಿಲ್ಲದೆ ಕೂತಿದ್ದಾರೆ! ಎಂದಿನ ಹಾಗೆ ಇಂಚರಾ ಕಡೆ ತಿರುಗಿ ಶುರುಮಾಡಿದೆ. ಕಾಲಿಗೆ ಸಂಕಲೆ, ಕಣ್ಣು ಮನೆಯಲ್ಲಿ, ಎಮ್ಮೆ, ಎಲ್ಲ ಬಂತು.

ಅವಳು ಕೈಯಲ್ಲಿದ್ದ ಬಾಟಲಿಗಳನ್ನು ಕೆಳಗಿಟ್ಟಳು. ಎದ್ದು ನಿಂತಳು. ಅವಳ ಬಾಯಿಂದ ಕನ್ನಡ ಬಂತು. ನನ್ನ ಕನ್ನಡ.

“ಎಲ್ಲಾ ನೀವ ಮಾಡ್ತೀರಿ, ನಾವೇನ್ ಎಮ್ಮಿ ನೀರಾಗ ನಿಂತಂಗ ನಿಂದ್ರೂದೇನ್ರಿ? ಇವ್ರಿಗೆ ಸಂಕಲಿ ಹಾಕಿದಾವ್ರು ಯಾರ್ರಿ? ನೀವ ಹಾಕೀರಿ! ನಿಮ್ಮ ಕಣ್ಣ ಎಲ್ಲಿಟ್ಟೀರಿ, ಕೋಚ್? ಮನ್ಯಾಗ ಬಿಟ್ಟ್ ಬಂದೀರೇನ್ರಿ?”

ಒಂದೊಂದು ಮಾತಿಗೂ ‘ರಿ’ ಹಚ್ಚಿ ಮರ್ಯಾದೆಯಿಂದಲೇ ಬೈದಳು. ಯಾರಿಗೂ ಏನೂ ಅರ್ಥವಾಗಲಿಲ್ಲ, ಆದರೆ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಬಾಗಿಲಲ್ಲಿದ್ದ ಲಿಮ್ ಮೆಲ್ಲಗೆ ಬಾಗಿಲು ಮುಚ್ಚಿಕೊಂಡು ಹೋದ.

“ನೀ ಇನ್ನ ಬೆಂಚಿಗಿ ಬರಬ್ಯಾಡ. ಮನಿಗಿ ಹೋಗು,” ಅಂದೆ. ಹೋದಳು. ಹೋಗುವ ಮುಂಚೆ ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟು ಹೋದಳು.

ಆಮೇಲಿನ ಆಟ ಬರೆಯಲೂ ಬೇಸರ. ಬೆಂಚಿನಲ್ಲಿ ಯಾರು ಯಾವಾಗ ಇಳಿಯಬೇಕು ಅಂತ ಹೇಳುವವರಿಲ್ಲ. ನಾನು ಐಸ್ ಮೇಲಿದ್ದೆ. ಒಂದು ಸಲ ನಮ್ಮವರು ಒಬ್ಬರು ಹೆಚ್ಚಿಗೆ ಇಳಿದುಬಿಟ್ಟರು, ರೆಫರಿ ಶಿಕ್ಷೆ ಕೊಟ್ಟ, ಅದರಲ್ಲೇ ಗೋಲಾಯಿತು. ಎರಡು–ನಾಲ್ಕಕ್ಕೆ ಸೋತೆವು. ನಿನ್ನೆಯ ಗೆಲುವಿನಿಂದ ಫೈನಲ್ ಏನೋ ಸಿಕ್ಕಿತು, ಮತ್ತೆ ಇದೇ ಬ್ಯಾಂಕಾಕ್ ಜೊತೆಗೆ. ಆದರೆ ಆ ಹುಡುಗಿಯ ಸೊಕ್ಕು ನೋಡಿ! ನನಗೆ, ನನ್ನ ಮಾತನ್ನೇ ತಿರುಗಿಸಿ ಹೇಳುವುದೇ?

ಉಚ್ಚಾರ ಮಾತ್ರ ಅಚ್ಚುಕಟ್ಟಾಗಿತ್ತು. ಬೆಳಗಾವಿಯ ಮಾರ್ಕೆಟ್ಟಿನಲ್ಲಿ ನಿಂತು ಹೇಳಿದರೂ ಯಾರೂ ಹೊರಗಿನವಳು ಅನ್ನುತ್ತಿರಲಿಲ್ಲ.

ಆಗಸ್ಟ್ 16, ಶನಿವಾರ

ಬೆಳಿಗ್ಗೆ ಐತಪ್ಪನವರು ಬಂದಿದ್ದರು. ಕೈಯಲ್ಲಿ ಕೆಳಗಿನ ಅಂಗಡಿಯಿಂದ ಕಟ್ಟಿಸಿದ ಇಡ್ಲಿ. ಕೂರಿ ಅಂದರೂ ಕೂರಲಿಲ್ಲ.

“ಹೇಳ್ಲಿಕ್ಕೆ ನಾಚಿಕೆ ಆಗ್ತದೆ ಮೇಡಂ. ಮನೆಯಲ್ಲಿ ಕನ್ನಡ ಮಾತಾಡು ಅಂತ ನಾನು, ಅವಳ ಅಮ್ಮ ಬಡ್ಕೊಂಡು ಸಾಕಾಗಿದೆ. ಒಂದು ಶಬ್ದ ಹೊರಗೆ ಬರುದಿಲ್ಲ. ನಿನ್ನೆ ಮನೆಗೆ ಬಂದವಳು ನಾನು ಎಂತಾಯ್ತು ಅಂತ ಕೇಳಿದ್ದಕ್ಕೆ, ‘ಸುಮ್ಕಿರ್ರಿ, ತಲಿ ತಿನಬ್ಯಾಡ್ರಿ’ ಅಂತ ಹೇಳಿದ್ದು ಮಾರಾಯ್ರೆ! ನನಗೆ, ಅಪ್ಪನಿಗೆ! ಇಂಥ ಭಾಷೆ ಎಲ್ಲಿ ಕಲ್ತಳೋ ದೇವ್ರಿಗೇ ಗೊತ್ತು.”

ನಾನು ಇಡ್ಲಿ ಪೊಟ್ಟಣದ ದಾರ ಬಿಚ್ಚುತ್ತ ತಲೆ ತಗ್ಗಿಸಿದೆ.

“ನಿಮಗೂ ಏನೇನೋ ಹೇಳಿದ್ದಾಳಂತೆ. ಸಣ್ಣವಳು, ಕ್ಷಮಿಸಿ. ನಾಳೆ ಅವಳನ್ನು ಬೆಂಚಿಗಾದ್ರೂ ಬರ್ಲಿಕ್ಕೆ ಬಿಡಿ ಮೇಡಂ. ಬಾಟಲಿ ಕೊಟ್ಕೊಂಡು ಮೂಲೆಯಲ್ಲಿ ಇರ್ತಾಳೆ. ಊರಿಗೆ ಹೋಗುವ ಮೊದಲು ಕೊನೆಯದ್ದಲ್ವಾ?”

ಎರಡು ತಿಂಗಳು ಕಾದದ್ದು ಇದಕ್ಕೇ. ಕೊನೆಗೂ ಒಬ್ಬರು ಬಂದು ಕೇಳಿದರು. ಕೇಳಿದ್ದು ಬೆಂಚು! “ಬೆಂಚ್ ಯಾಕ ಕೇಳ್ತೀರಿ?” ಅಂತ ಕಿರುಚಿದೆ. “ಕೇಳೂದ ಆದ್ರ ಆಡೂದ ಕೇಳ್ರಲ್ಲಾ! ನಿಮ್ಮ ಮಗಳು ಎಷ್ಟ್ ಛಲೋ ಆಡ್ತಾಳ ಅಂತ ನಿಮಗ ಗೊತ್ತೈತೇನ್ರಿ?”

ಐತಪ್ಪನವರು ಬೆಚ್ಚಿಬಿದ್ದರು. ಆಮೇಲೆ ಬಹಳ ಮೆಲ್ಲಗೆ, “ಅದು ನಿಮ್ಮ ಜಾಗ ಅಲ್ವಾ ಮೇಡಂ? ನಾವು ಕೇಳುದು ಹೇಗೆ?” ಅಂದರು.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಅಳು ಬಂತು. ಬಂದದ್ದನ್ನು ಬರೆಯಬೇಕಲ್ಲ, ಅದಕ್ಕೆ ಬರೆದೆ.

ಫೈನಲ್‌ಗೆ ಮುಂಚೆ ಒಮ್ಮೆ ಹೊರದೇಶದ ಹೆಸರು ಬದಲಿಸಬಹುದು, ಇವತ್ತು ಮಧ್ಯಾಹ್ನದೊಳಗೆ ಹೇಳಬೇಕು. ಲಿಮ್‌ಗೆ ಫೋನ್ ಮಾಡಿ ಮೊಣಕಾಲು ಹಿಡಿದುಕೊಂಡಿದೆ, ಇಂಚರಾ ಹೆಸರು ಹಾಕು ಅಂದೆ. ಡಾಕ್ಟರ್ ಹತ್ತಿರ ಹೋಗೋಣವೇ, ನಾನೇ ಕಾರು ತರುತ್ತೇನೆ ಅಂತ ಶುರುಮಾಡಿದ. ಫೋನ್ ಇಟ್ಟೆ.

ಮೊಣಕಾಲಿಗೆ ಏನೂ ಆಗಿಲ್ಲ. ಇವತ್ತಿನಷ್ಟು ಹಗುರವಾಗಿ ಅದು ಎಷ್ಟೋ ವರ್ಷದಿಂದ ಇರಲಿಲ್ಲ, ದರಿದ್ರದ್ದು.

ಆಗಸ್ಟ್ 17, ಭಾನುವಾರ

ಮೊದಲು ಆ ರೆಫರಿ ವಿಷಯ. ಅವನಿಗೆ ಕನ್ನಡಕ ಬೇಕು. ಎರಡನೇ ಅವಧಿಯಲ್ಲಿ ನಮ್ಮ ಹುಡುಗಿಯನ್ನು ಅವರು ಕಾಲು ಕೊಟ್ಟು ಬೀಳಿಸಿದ್ದನ್ನು ಮೂರನೇ ಮಹಡಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದವರೆಲ್ಲ ನೋಡಿದರು, ಅವನು ನೋಡಲಿಲ್ಲ.

ಡ್ರೆಸ್ಸಿಂಗ್ ರೂಮಿನಲ್ಲಿ ಇವತ್ತು ನೀನೇ ಆಡು ಅಂತ ಇಂಚರಾಗೆ ಹೇಳಿದಾಗ ಅವಳು ನನ್ನ ಕಾಲನ್ನೇ ನೋಡಿದಳು. “ಕೋಚ್, ಯುವರ್ ನೀ...”

“ಬಾಯಿ ಮುಚ್ಚಿ ಬೂಟ ಕಟ್ಕೊ.”

“ಇಟ್ಸ್ ನಾಟ್ ಪೇನಿಂಗ್, ರೈಟ್?”

“ಹೇಳಿದ್ದ ಕೇಳಸ್ಲಿಲ್ಲೇನ? ಎಡಗಡಿ ಬಾಳ ವಾಲಬ್ಯಾಡ. ಬಿಲ್ಲಿ ಸಿಕ್ಕಾಗ ತಲಿ ಎತ್ತಿ ನೋಡು. ಹೋಗು.”

ಅವಳು ಹೋಗಲಿಲ್ಲ. ಬಗ್ಗಿ ನನ್ನ ಕಾಲು ಮುಟ್ಟಿದಳು. ಅಷ್ಟೆಲ್ಲ ಪ್ಯಾಡು ಕಟ್ಟಿಕೊಂಡು ಬಗ್ಗುವುದು ಸುಲಭವಲ್ಲ. ಏಳಲು ನಾನೇ ಹಿಡಿದು ಎತ್ತಬೇಕಾಯಿತು.

ಮಾಮೂಲಿ ಬೂಟಿನಲ್ಲಿ ಬೆಂಚಿನ ಹಿಂದೆ ನಿಂತುಕೊಂಡರೆ ಆಟ ಎಷ್ಟು ನಿಧಾನ ಕಾಣುತ್ತದೆ! ಎಲ್ಲವೂ ಕಾಣುತ್ತದೆ. ಯಾರು ದಣಿದಿದ್ದಾರೆ, ಯಾರು ಹೆದರಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ. ಆದರೆ ಕೈಗೆ ಸಿಗುವುದಿಲ್ಲ. ಇಂಥ ಹಿಂಸೆ ನನ್ನ ವೈರಿಗೂ ಬೇಡ. ಐನುಲ್ ಸುಲಭದ ಅವಕಾಶವೊಂದನ್ನು ಕೈಬಿಟ್ಟು ಬೆಂಚಿಗೆ ಬಂದಳು. ಬೈಯಲು ಬಾಯಿ ತೆಗೆದೆ, ಪಕ್ಕಕ್ಕೆ ತಿರುಗಿದೆ, ಇಂಚರಾ ಇಲ್ಲ. ಅವಳು ಐಸ್ ಮೇಲಿದ್ದಾಳೆ. ಐನುಲ್ ನನ್ನ ಮುಖವನ್ನೇ ನೋಡುತ್ತಿದ್ದಳು. “ತಾಕ್ ಅಪಾ, ಐನುಲ್. ಪೆಲಾನ್-ಪೆಲಾನ್,” ಅಂದೆ. ಪರವಾಗಿಲ್ಲ, ನಿಧಾನ ಅಂತ. ಬೇರೆ ಮಲಯ್ ನನಗೆ ಬರುವುದಿಲ್ಲ, ಅದಕ್ಕೆ ಅದು ಬಂತು.

ಮುಂದಿನ ಸರದಿಯಲ್ಲಿ ಐನುಲ್ ಗೋಲು ಹೊಡೆದಳು. ಎರಡು ವರ್ಷದಲ್ಲಿ ಮೊದಲನೆಯದು! ಹೊಡೆದು, ಇನ್ಯಾರೋ ಹೊಡೆದಿರಬೇಕು ಅಂತ ಹಿಂದೆ ತಿರುಗಿ ನೋಡಿದಳು. ನಾನು ಲಿಮ್ ಬೆನ್ನಿಗೆ ಎಷ್ಟು ಜೋರಾಗಿ ಗುದ್ದಿದೆ ಅಂದರೆ ಅವನ ಕನ್ನಡಕ ಬಿತ್ತು.

ಐಸ್ ಮೇಲೆ ಇಂಚರಾ ಮಹಾರಾಣಿಯ ಹಾಗೆ ಎಲ್ಲರನ್ನೂ ಓಡಿಸುತ್ತಿದ್ದಳು. “ದೌಡ! ದೌಡ ಬಾ! ನಿಂದ್ರಬ್ಯಾಡ!” ಅಂತ ಕೂಗುತ್ತಾಳೆ, ಇವರೆಲ್ಲ ಓಡುತ್ತಾರೆ! ಚೀನೀ ಹುಡುಗಿಯರು, ಮಲಯ್ ಹುಡುಗಿಯರು, ಎಲ್ಲರೂ ಒಬ್ಬರಿಗೊಬ್ಬರು “ದೌಡ! ದೌಡ!” ಅನ್ನುತ್ತಿದ್ದಾರೆ. ಬ್ಯಾಂಕಾಕಿನವರು ಅದೇನು ಗುಪ್ತಭಾಷೆಯೋ ಅಂತ ಕಣ್ಣುಕಣ್ಣು ಬಿಟ್ಟರು. ಮೇಲೆ ಕಟಕಟೆಯಲ್ಲಿ ಐತಪ್ಪನವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡದ್ದು ಕಾಣಿಸಿತು. ಪಕ್ಕದಲ್ಲಿ ಚಂಪಾ ಕುಣಿಯುತ್ತಿದ್ದರು.

ಎರಡನೆಯ ಗೋಲು ಇಂಚರಾಳದು. ಎಡಗಡೆ ವಾಲಿಯೇ ಹೊಡೆದಳು, ಹೇಳಿದ್ದು ಕೇಳುವ ಜಾತಿಯಲ್ಲ. ಕೊನೆಗೆ ಅವರು ಮೂರು, ನಾವು ಎರಡು. ಇನ್ನೇನು ಮುಗಿಯಿತು ಅನ್ನುವಾಗ ಅವಳಿಗೆ ಬಿಲ್ಲೆ ಸಿಕ್ಕಿತು. ಇಬ್ಬರನ್ನು ದಾಟಿದಳು. ಹೊಡೆದಳು. ಕಂಬಕ್ಕೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ.

ಸೋತೆವು.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಐಸ್ ಮೇಲೆ ಸಾಲಾಗಿ ನಿಂತು ಕೈ ಕುಲುಕಬೇಕು, ಕೋಚ್‌ಗಳು ಸೇರಿ. ಅದು ಎಲ್ಲ ಕಡೆಯೂ ಇರುವ ಪದ್ಧತಿ. ನೂರಾರು ಸಲ ಮಾಡಿದ್ದೇನೆ, ಸ್ಕೇಟ್ಸ್ ಕಟ್ಟಿಕೊಂಡು. ಇವತ್ತು ರಬ್ಬರ್ ಅಟ್ಟೆಯ ಬೂಟಿನಲ್ಲಿ ಬಾಗಿಲು ದಾಟಿ ಕಾಲಿಟ್ಟೆ ನೋಡಿ, ಮೊದಲ ಹೆಜ್ಜೆಗೇ ಎರಡೂ ಕಾಲು ಎರಡು ದಿಕ್ಕಿಗೆ ಹೋದವು! ಬೂಟಿನಲ್ಲಿ ಐಸ್ ಮೇಲೆ ನಡೆಯುವುದು ನನಗೆ ಬರುವುದೇ ಇಲ್ಲ. ಯಾವತ್ತೂ ನಡೆದೇ ಇರಲಿಲ್ಲ.

ಬೀಳುವ ಮೊದಲೇ ಇಂಚರಾ ಬಂದು ಒಂದು ತೋಳು ಹಿಡಿದಳು, ಐನುಲ್ ಇನ್ನೊಂದು. ಇಂಚರಾಳ ಮುಖ ಪೂರ್ತಿ ಕಣ್ಣೀರು. “ತಪ್ಪಿಸ್ದೆ, ಕೋಚ್,” ಅಂದಳು ಕನ್ನಡದಲ್ಲಿ.

“ಹೂಂ, ತಪ್ಪಿತು. ಮೊಣಕೈ ಮ್ಯಾಲ ಇತ್ತು. ಇಬ್ರನ್ನ ದಾಟಿದ್ದು ಮಾತ್ರ...” ಅಂದೆ. “ಬಿಡ್ರೆ ನನ್ನ, ನಾ ನಡೀತೀನಿ.” ಇಬ್ಬರೂ ಬಿಡಲಿಲ್ಲ.

ಗಾಜಿನ ಆಚೆ ಬಬಲ್ ಟೀ ಹೀರುತ್ತ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ನನ್ನ ಪರದಾಟ ನೋಡಿ ನಗುತ್ತಿದ್ದಳು. “ಆಂಟಿ, ಯು ಡೋಂಟ್ ನೋ ಹೌ ಟು ಸ್ಕೇಟ್ ಆ?” ಅಂತ ಕೂಗಿದಳು. ಇಂಚರಾ ಕಣ್ಣೊರೆಸಿಕೊಂಡು ಉತ್ತರ ಕೊಡಲು ಬಾಯಿ ತೆರೆದಳು, ಸ್ಲೊವಾಕಿಯಾ, ಲೇಹ್ ಎಲ್ಲ ಹೇಳಿಬಿಡುತ್ತಾಳೆ ಅಂತ ಅವಳ ಕೈ ಅದುಮಿದೆ.

“ನೋ ಲಾ,” ಅಂದೆ ಆ ಮಗುವಿಗೆ. “ದೇ ಆರ್ ಟೀಚಿಂಗ್ ಮಿ.”

ಸಾಲಿನಲ್ಲಿ ಕುಲುಕಬೇಕಾದ ಕೈಗಳು ಇನ್ನೂ ಬಹಳ ಇದ್ದವು. ಇಬ್ಬರೂ ನನ್ನನ್ನು ಹಿಡಿದುಕೊಂಡು ನಿಧಾನವಾಗಿ ಮುಂದೆ ಕರೆದುಕೊಂಡು ಹೋದರು.